ಮಲಗಿದವರಿಗೆ ಗೊತ್ತಿಲ್ಲ, ಪಕ್ಕದವರಿಗೆ ನಿದ್ದೆಯಿಲ್ಲ

ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದರು. ಮದ್ದೂರು ಕಡೆಯ ನಮ್ಮ ಸೋದರಮಾವ ಹಚ್ಚಿಕೊಂಡೇ ಬಂದಿದ್ದರು. ಐವತ್ತೆಂಟು ವರ್ಷದಿಂದ ಕೊಬ್ಬರಿ ಎಣ್ಣೆ ಕುಡಿದ ತಲೆ, ಒಂದು ರಾತ್ರಿ ಬಿಟ್ಟಿರು ಎಂದರೆ ಕೇಳುತ್ತದೆಯೆ? ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಮೂರನೇ ಮಹಡಿ, ರಾತ್ರಿಯಿಡೀ ನಿದ್ದೆಯನ್ನು ಅಳೆಯುವ ಸ್ಲೀಪ್ ಸ್ಟಡಿಯ ಕೋಣೆ, ರಾತ್ರಿ ಒಂಬತ್ತು ಗಂಟೆ. ಟೆಕ್ನಿಷಿಯನ್ ಹುಡುಗಿ ಅವರ ಕೈಗೆ ಶಾಂಪೂ ಪ್ಯಾಕೆಟ್ ಕೊಟ್ಟು ಬಚ್ಚಲಿಗೆ ಕಳಿಸಿದಳು. ತಲೆ ಒರೆಸಿಕೊಂಡು ಬಂದ ಮೇಲೆ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯವರೆಗೆ, ಈ ಕಿವಿಯಿಂದ ಆ ಕಿವಿಗೆ ಅಳೆದಳು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಮರಳು ಮರಳಾದ ಪೇಸ್ಟಿನಲ್ಲಿ ಚರ್ಮ ಉಜ್ಜಿ, ಒಂದೊಂದೇ ವೈರು ಅಂಟಿಸುತ್ತ ಹೋದಳು. ನೆತ್ತಿಗೆ, ಕಣ್ಣಂಚಿಗೆ, ಗದ್ದಕ್ಕೆ, ಎದೆಗೆ, ಎರಡೂ ಮೀನಖಂಡಕ್ಕೆ. ಎದೆಗೊಂದು ಹೊಟ್ಟೆಗೊಂದು ಪಟ್ಟಿ, ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್ಪು. ಮುಕ್ಕಾಲು ಗಂಟೆ ಹಿಡಿಯಿತು. ಕನ್ನಡಿ ನೋಡಿಕೊಂಡ ಮಾವ, "ಏನವ್ವ, ಮಾರಮ್ಮನ ಹಬ್ಬಕ್ಕೆ ಸಿಂಗಾರ ಮಾಡ್ದಂಗ್ ಮಾಡ್ಬುಟ್ಟಲ್ಲ" ಎಂದರು.

ದೀಪ ಆರಿಸುವ ಮೊದಲು ಪಕ್ಕದ ಕೋಣೆಯಿಂದ ಸ್ಪೀಕರಿನಲ್ಲಿ ಅವಳ ದನಿ ಬಂತು. ವೈರುಗಳೆಲ್ಲ ಕೆಲಸ ಮಾಡುತ್ತಿವೆಯೇ ಎಂದು ನೋಡುವ ಪರೀಕ್ಷೆ ಅದು. ಕಣ್ಣು ಮಾತ್ರ ಎಡಕ್ಕೆ ಬಲಕ್ಕೆ ಆಡಿಸಿ ಅಂಕಲ್. ಹಲ್ಲು ಕಚ್ಚಿ. ಕಾಲು ಆಡಿಸಿ. ಈಗ ಗೊರಕೆ ಹೊಡೆದ ಹಾಗೆ ಒಂದು ಸಲ ಸದ್ದು ಮಾಡಿ.

"ನಾನು ಗೊರ್ಕೆ ಹೊಡಿಯಾಕಿಲ್ಲ ಕಣವ್ವ. ಅದೆಂಗೋ ಏನೋ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಕಾರಿಡಾರಿಗೆಲ್ಲ ಕೇಳಿಸಿತು.

ಮಾವನ ಆ ಒಂದು ಮಾತಿನಲ್ಲೇ ಈ ಕಾಯಿಲೆಯ ಫಜೀತಿಯೆಲ್ಲ ಇದೆ. ಹೊಟ್ಟೆನೋವಿನವನು ಹೊಟ್ಟೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗುತ್ತಾನೆ. ನಿದ್ದೆಯಲ್ಲಿ ಉಸಿರು ಕಟ್ಟುವವನಿಗೆ ಹೇಳಿಕೊಳ್ಳಲು ಏನೂ ಇರುವುದಿಲ್ಲ, ಅದು ನಡೆಯುವಾಗ ಅವನಿಗೆ ಎಚ್ಚರವೇ ಇರುವುದಿಲ್ಲ. ಕಂಡವರು ಪಕ್ಕದಲ್ಲಿ ಮಲಗಿದವರು. ಅವರನ್ನು ಯಾರೂ ಕೇಳುವುದಿಲ್ಲ. ಸ್ಲೀಪ್ ಸ್ಟಡಿ ಎನ್ನುವುದು ಮೂಲತಃ ಇಂಥ ರೋಗಿಗೆ ಒಬ್ಬ ಸಾಕ್ಷಿಯನ್ನು ಒದಗಿಸುವ ಏರ್ಪಾಡು. ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಈಗ ಸಿಗುತ್ತದೆ, ಮನೆಗೇ ತಂದು ಕಟ್ಟಿಹೋಗುವ ಪುಟ್ಟ ಯಂತ್ರಗಳೂ ಬಂದಿವೆ. ಆದರೆ ಆ ಹಾಸಿಗೆಯವರೆಗೆ ಯಾರು ತಲುಪುತ್ತಾರೆ, ಬೆಳಿಗ್ಗೆ ಕೈಗೆ ಬರುವ ಅಂಕಿಯನ್ನು ಹೇಗೆ ಓದಿಕೊಳ್ಳುತ್ತಾರೆ ಎಂಬ ಎರಡು ಕಡೆ ನಾವು ಎಡವುತ್ತಿದ್ದೇವೆ.

ಮಾವನ ಕತೆಯನ್ನೇ ತೆಗೆದುಕೊಳ್ಳಿ. ಬಿಪಿಗೆ ಮೂರು ಮಾತ್ರೆ. ಮೂರು ನುಂಗಿದರೂ ಮೇಲಿನ ಅಂಕಿ 160ರಿಂದ ಕೆಳಗಿಳಿಯುತ್ತಿರಲಿಲ್ಲ. ಎಲೆಯ ಮುಂದೆ ಕೂತರೆ ತೂಕಡಿಕೆ, ಬಸ್ಸು ಹತ್ತಿದರೆ ನಿದ್ದೆ, ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಪಕ್ಕ ಕೂತಲ್ಲೇ ಜೊಂಪು. ನೋಡಿದವರು ಪುಣ್ಯವಂತ ಎನ್ನುತ್ತಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆಯೇ ಇದೆಯಲ್ಲ. ಈ ಗಾದೆಯಿಂದ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರ ಕಾಯಿಲೆ ಮುಚ್ಚಿಹೋಗಿದೆಯೋ. ಐದು ವರ್ಷದಲ್ಲಿ ಇಸಿಜಿ ಆಯಿತು, ಕಿಡ್ನಿ ಸ್ಕ್ಯಾನ್ ಆಯಿತು, ಮಾತ್ರೆಯ ಬಣ್ಣ ನಾಲ್ಕು ಸಲ ಬದಲಾಯಿತು. ಮೂರು ಮಾತ್ರೆಗೂ ಬಗ್ಗದ ಬಿಪಿಯ ಹಿಂದೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆ, ಇರುವ ಸಂಭವ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ಆದರೂ "ರಾತ್ರಿ ಹೇಗೆ ಮಲಗ್ತಾರೆ?" ಎಂದು ಅತ್ತೆಯನ್ನು ಒಬ್ಬರೂ ಕೇಳಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅತ್ತೆಯ ಮೊಬೈಲು. ಮೊಮ್ಮಗಳು ಹೇಳಿಕೊಟ್ಟಿದ್ದಳಂತೆ, ನಡುರಾತ್ರಿ ಎದ್ದು ಒಂದು ನಿಮಿಷದ ವಿಡಿಯೊ ಮಾಡಿದ್ದರು. ಮೊದಲು ಗೊರಕೆ ಏರುತ್ತ ಹೋಗುತ್ತದೆ. ಆಮೇಲೆ ಫಕ್ಕನೆ ನಿಲ್ಲುತ್ತದೆ. ಫ್ಯಾನಿನ ಸದ್ದು, ದೂರದಲ್ಲಿ ಒಂದು ನಾಯಿ. ಬನಿಯನ್ನಿನ ಕೆಳಗೆ ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ, ಬಾಯಿಂದ ಉಸಿರಿಲ್ಲ. ಎಣಿಸುತ್ತ ಕೂತರೆ ಇಪ್ಪತ್ತೆಂಟು ಸೆಕೆಂಡು. ಕೊನೆಗೆ ಯಾರೋ ನೀರಿನಿಂದ ಎತ್ತಿ ಹೊರಗೆ ಹಾಕಿದ ಹಾಗೆ ಗಕ್ಕೆಂದು ಒಂದು ಉಸಿರು, ಮಗ್ಗುಲು ಬದಲಾವಣೆ, ಮತ್ತೆ ಗೊರಕೆ. ಆ ವಿಡಿಯೊ ನೋಡಿದ ಡಾಕ್ಟರು ಸ್ಲೀಪ್ ಸ್ಟಡಿಗೆ ಬರೆದುಕೊಟ್ಟರು.

ಆ ಇಪ್ಪತ್ತೆಂಟು ಸೆಕೆಂಡಿನಲ್ಲಿ ಆಗುವುದಿಷ್ಟು. ಗಂಟಲಿನ ಹಿಂಭಾಗಕ್ಕೆ ಮೂಳೆಯ ಆಸರೆಯಿಲ್ಲ, ಅದು ಮಾಂಸದ ಮೆತ್ತನೆಯ ಕೊಳವೆ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಸಡಿಲುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಅಂಗುಳು ಜೋಲುತ್ತದೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿಕೊಂಡರೆ ಮೌನ. ಗೊರಕೆಗಿಂತ ನಡುವಿನ ಮೌನವೇ ಹೆಚ್ಚು ಅಪಾಯದ್ದು ಎಂಬುದನ್ನು ನಮ್ಮ ಜನ ತಿಳಿಯಬೇಕು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಕ್ಷಣ ಎಚ್ಚರಿಸುತ್ತದೆ, ಅಡ್ರಿನಲಿನ್ ನುಗ್ಗುತ್ತದೆ, ಬಿಪಿ ಜಿಗಿಯುತ್ತದೆ, ದಾರಿ ತೆರೆಯುತ್ತದೆ. ಬೆಳಿಗ್ಗೆ ಎದ್ದವನಿಗೆ ಇದರಲ್ಲಿ ಒಂದೂ ನೆನಪಿರುವುದಿಲ್ಲ. ಬಾಯಿ ಒಣಗಿರುತ್ತದೆ, ತಲೆ ಭಾರ, ರಾತ್ರಿ ಮೂರು ಸಲ ಮೂತ್ರಕ್ಕೆ ಎದ್ದ ನೆನಪು. ಅಷ್ಟೇ ಸಾಕ್ಷ್ಯ.

ಇಷ್ಟೊಂದು ವೈರು ಏಕೆ, ಬೆರಳಿನ ಕ್ಲಿಪ್ಪು ಒಂದೇ ಸಾಲದೆ ಎಂದು ಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ಲಿಪ್ಪು ಆಮ್ಲಜನಕ ಇಳಿದದ್ದನ್ನು ಹೇಳುತ್ತದೆ, ಏಕೆ ಇಳಿಯಿತು ಎಂದು ಹೇಳುವುದಿಲ್ಲ. ಮೂಗಿನ ಕೊಳವೆಯಲ್ಲಿ ಗಾಳಿ ನಿಂತಿದೆ, ಆದರೆ ಎದೆ ಹೊಟ್ಟೆಯ ಪಟ್ಟಿಗಳು ಎಳೆದಾಡುತ್ತಲೇ ಇವೆ ಎಂದರೆ ಗಂಟಲು ಮುಚ್ಚಿದೆ ಎಂದರ್ಥ. ಗಾಳಿಯೂ ನಿಂತು ಪಟ್ಟಿಗಳೂ ನಿಂತರೆ ಉಸಿರಾಡು ಎಂಬ ಅಪ್ಪಣೆಯೇ ಮೆದುಳಿನಿಂದ ಹೊರಟಿಲ್ಲ. ಹೃದಯ ಸೋತವರಲ್ಲಿ, ಕೆಲವು ಬಲವಾದ ನೋವಿನ ಔಷಧಿ ತೆಗೆದುಕೊಳ್ಳುವವರಲ್ಲಿ ಹೀಗಾಗುತ್ತದೆ. ಎರಡರ ಚಿಕಿತ್ಸೆ ಬೇರೆ ಬೇರೆ. ಇನ್ನು ನೆತ್ತಿ, ಕಣ್ಣು, ಗದ್ದದ ವೈರುಗಳು ಮನುಷ್ಯ ನಿಜಕ್ಕೂ ನಿದ್ದೆ ಮಾಡಿದ್ದಾನೆಯೇ, ಯಾವ ಹಂತದ ನಿದ್ದೆ ಎಂದು ಹೇಳುತ್ತವೆ. ಕಣ್ಣು ಮುಚ್ಚಿಕೊಂಡೇ ಗುಡ್ಡೆಗಳು ಸರಸರನೆ ಓಡಾಡುವ, ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ದೆಯನ್ನು ಷಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ಆ ಹೊತ್ತಿನಲ್ಲಿ ಮೈಯ ಸ್ನಾಯುಗಳೆಲ್ಲ ಬಿದ್ದುಹೋಗಿರುತ್ತವೆ, ಗಂಟಲಿನದೂ ಸೇರಿ. ಹಾಗಾಗಿ ಕೆಲವರಿಗೆ ಉಸಿರು ಕಟ್ಟುವುದೆಲ್ಲ ಬೆಳಗಿನ ಜಾವದ ರೆಮ್‌ನಲ್ಲಿ.

ಇಡೀ ರಾತ್ರಿಯ ಈ ದಾಖಲೆಯನ್ನು ಮೂವತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ಎಂಟು ಗಂಟೆಗೆ 960 ತುಂಡು. ಪ್ರತಿ ತುಂಡಿಗೂ ಇದು ಎಚ್ಚರ, ಇದು ತೆಳು ನಿದ್ದೆ, ಇದು ಗಾಢ, ಇದು ರೆಮ್ ಎಂದು ಗುರುತು ಹಾಕುತ್ತಾರೆ. 1968ರಿಂದಲೂ ಇದಕ್ಕೆ ಲಿಖಿತ ನಿಯಮವಿದೆ, ಈಗ ಬಳಕೆಯಲ್ಲಿರುವುದು 2007ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೊರತಂದು ಆಮೇಲೆ ತಿದ್ದುತ್ತ ಬಂದ ಕೈಪಿಡಿ. ಕಂಪ್ಯೂಟರು ಮೊದಲ ಕೈ ಹಾಕುತ್ತದೆ, ಆದರೆ ಕಣ್ಣಿಟ್ಟು ನೋಡುವ ಮನುಷ್ಯ ಬೇಕೇ ಬೇಕು. ಒಳ್ಳೆಯ ತರಬೇತಿ ಇರುವ ಇಬ್ಬರು ಕೂತು ಗುರುತು ಹಾಕಿದರೂ ನೂರರಲ್ಲಿ ಎಂಬತ್ತರಷ್ಟು ತುಂಡುಗಳಲ್ಲಷ್ಟೇ ಒಮ್ಮತ ಬರುತ್ತದೆ. ಹಾಗಾಗಿ ಯಂತ್ರ ಎಷ್ಟು ದುಬಾರಿಯದು ಎಂದು ಕೇಳುವುದಕ್ಕಿಂತ, ಈ ದಾಖಲೆಯನ್ನು ಕೂತು ಓದುವವರು ಯಾರು ಎಂದು ಕೇಳುವುದು ಮೇಲು. ಮೈಸೂರಿರಲಿ ಮಂಡ್ಯವಿರಲಿ, ಆ ಪ್ರಶ್ನೆ ಕೇಳಿದ ರೋಗಿಯನ್ನು ನಾನಿನ್ನೂ ಕಂಡಿಲ್ಲ. ನಾವೂ ಕೇಳಲಿಲ್ಲ.

ಮಾವನ ರಿಪೋರ್ಟಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಎಎಚ್‌ಐ 46 ಎಂದಿತ್ತು. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. ಐದರೊಳಗೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, ಅದರ ಮೇಲೆ ತೀವ್ರ. ಆರು ಗಂಟೆಯ ನಿದ್ದೆಯಲ್ಲಿ 276 ಸಲ. ಆಮ್ಲಜನಕ ಒಂದು ಹೊತ್ತಿನಲ್ಲಿ 71ಕ್ಕೆ ಇಳಿದಿತ್ತು. ಕೋವಿಡ್ ಕಾಲದಲ್ಲಿ 94ಕ್ಕಿಂತ ಕೆಳಗೆ ಹೋಯಿತೆಂದು ಆಂಬುಲೆನ್ಸ್ ಕರೆದವರು ನಾವು. ಈ ಮನುಷ್ಯ ಎಷ್ಟು ವರ್ಷದಿಂದ ದಿನಾ ರಾತ್ರಿ ಎಪ್ಪತ್ತರ ಆಸುಪಾಸಿಗೆ ಇಳಿದು ಬೆಳಿಗ್ಗೆ ಎದ್ದು ಗದ್ದೆಗೆ ಹೋಗುತ್ತಿದ್ದರೋ.

46 ಬಂದವರ ವಿಷಯದಲ್ಲಿ ತಕರಾರಿಲ್ಲ, ಹೇಗೆ ಎಣಿಸಿದರೂ ತೀವ್ರವೇ. ಗೊಂದಲ ಇರುವುದು 4, 6, 13, 16 ಬಂದವರದು. ಎಎಚ್‌ಐ ಎಂಬುದು ಸಕ್ಕರೆಯ ಅಂಕಿಯಂತೆ ರಕ್ತ ತೆಗೆದು ಅಳೆದದ್ದಲ್ಲ, ಎಣಿಸಿದ್ದು. ಎಣಿಕೆಗೆ ನಿಯಮ ಬೇಕು, ನಿಯಮ ಎರಡಿವೆ. ಉಸಿರು ಶೇ 90ಕ್ಕಿಂತ ಹೆಚ್ಚು ಕುಸಿದು ಹತ್ತು ಸೆಕೆಂಡು ನಿಂತರೆ ಅಪ್ನಿಯಾ, ಇದರಲ್ಲಿ ಜಗಳವಿಲ್ಲ. ಶೇ 30ರಷ್ಟು ಕುಗ್ಗಿದರೆ ಹೈಪಾಪ್ನಿಯಾ. ಅದರ ಜೊತೆ ಆಮ್ಲಜನಕ 3 ಅಂಶ ಇಳಿದರೆ ಅಥವಾ ಮೆದುಳು ಎಚ್ಚೆತ್ತರೆ ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತದೆ ಒಂದು ನಿಯಮ. 4 ಅಂಶವೇ ಇಳಿಯಬೇಕು, ಬರೀ ಎಚ್ಚೆತ್ತರೆ ಸಾಲದು ಎನ್ನುತ್ತದೆ ಇನ್ನೊಂದು. ಒಂದೇ ಮನುಷ್ಯ, ಒಂದೇ ರಾತ್ರಿ, ಒಂದು ಲೆಕ್ಕದಲ್ಲಿ ರೋಗಿ, ಇನ್ನೊಂದರಲ್ಲಿ ಆರೋಗ್ಯವಂತ. ತೆಳ್ಳಗಿರುವವರ, ವಯಸ್ಸು ಚಿಕ್ಕದಿರುವವರ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನು ಚೆನ್ನಾಗಿರುತ್ತದೆ, ಬೇಗ ಇಳಿಯುವುದಿಲ್ಲ. ಎರಡನೇ ನಿಯಮದಲ್ಲಿ ಅವರು ಪಾಸಾಗಿಬಿಡುತ್ತಾರೆ. ಯಾವ ನಿಯಮದಂತೆ ಎಣಿಸಿದೆ ಎಂದು ರಿಪೋರ್ಟಿನಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಬೇಕು.

ಇನ್ನೊಂದು, ಅದು ಒಂದು ರಾತ್ರಿ ಮಾತ್ರ. ಹೊಸ ಜಾಗ, ಮೈಗೆಲ್ಲ ವೈರು, ಗೋಡೆಯ ಮೇಲೆ ಕ್ಯಾಮೆರಾ. ಮೊದಲ ರಾತ್ರಿ ನಿದ್ದೆ ಕೆಡುವುದಕ್ಕೆ ನಿದ್ರಾತಜ್ಞರಲ್ಲಿ ಹೆಸರೇ ಇದೆ, ಮೊದಲ ರಾತ್ರಿಯ ಪರಿಣಾಮ ಎಂದು. (ನಗಬೇಡಿ.) ಅಂಗಾತ ಮಲಗಿದರೆ ಮಾತ್ರ ಉಸಿರು ಕಟ್ಟುವವನು ಆ ರಾತ್ರಿಯೆಲ್ಲ ಮಗ್ಗುಲಾಗಿ ಮಲಗಿದರೆ, ರೆಮ್‌ನಲ್ಲಿ ಕಟ್ಟುವವನಿಗೆ ರೆಮ್ ಬಾರದೇ ಹೋದರೆ, ಅಂಕಿ ಇಳಿಯುತ್ತದೆ. ಲಕ್ಷಣ ಜೋರಾಗಿದ್ದು ರಿಪೋರ್ಟು ಚೆನ್ನಾಗಿ ಬಂದರೆ ಇನ್ನೊಂದು ರಾತ್ರಿ ಮಾಡುವುದುಂಟು. ಇನ್ನೊಂದು ರಾತ್ರಿ ಎಂದರೆ ಇನ್ನೊಮ್ಮೆ ಹತ್ತು ಸಾವಿರದ ಆಸುಪಾಸು. ಹಾಗಾಗಿ ಜನ ಚೆನ್ನಾಗಿ ಬಂದ ರಿಪೋರ್ಟನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ.

ಮನೆಯಲ್ಲೇ ಮಾಡುವ ಪರೀಕ್ಷೆಗೆ ಇದಕ್ಕಿಂತ ಕಡಿಮೆ ಖರ್ಚು, ಸ್ವಂತ ದಿಂಬಿನ ಮೇಲೆ ಮಲಗಬಹುದು. ಗೊರಕೆ, ಬಿಪಿ, ದಪ್ಪ ಕುತ್ತಿಗೆ ಎಲ್ಲ ಇದ್ದು, ಹೃದಯ ಶ್ವಾಸಕೋಶದ ಬೇರೆ ಗಂಭೀರ ತೊಂದರೆ ಇಲ್ಲದವರಿಗೆ ಅದು ಸಾಕು. ಆದರೆ ಅದರಲ್ಲಿ ಸಾಮಾನ್ಯವಾಗಿ ನೆತ್ತಿಯ ವೈರು ಇರುವುದಿಲ್ಲ. ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಅದಕ್ಕೆ ತಿಳಿಯದು, ಎಷ್ಟು ಹೊತ್ತು ಕಟ್ಟಿಕೊಂಡಿದ್ದಿರಿ ಎಂದಷ್ಟೇ ತಿಳಿಯುತ್ತದೆ. 90 ಸಲ ಉಸಿರು ಕಟ್ಟಿದೆ ಎಂದುಕೊಳ್ಳಿ. ನಿಜವಾಗಿ ನಿದ್ದೆ ಮಾಡಿದ್ದು ಆರು ಗಂಟೆ. ಭಾಗಿಸಿದರೆ 15, ಮಧ್ಯಮ ದರ್ಜೆಯ ಕಾಯಿಲೆ. ಯಂತ್ರ ಓಡಿದ್ದು ಎಂಟು ಗಂಟೆ. ಅದರಿಂದ ಭಾಗಿಸಿದರೆ 11 ಚಿಲ್ಲರೆ, ಸೌಮ್ಯ. ಮೊಬೈಲು ನೋಡುತ್ತ ಎಚ್ಚರವಾಗಿದ್ದ ಎರಡು ಗಂಟೆ ಕಾಯಿಲೆಯನ್ನು ಒಂದು ದರ್ಜೆ ಇಳಿಸಿಬಿಟ್ಟಿತು. ಮನೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರನ್ನು ನಂಬಬಹುದು, ಪಾಸಾದವರನ್ನು ಪೂರ್ತಿ ನಂಬುವಂತಿಲ್ಲ. ಅನುಮಾನ ಉಳಿದರೆ ಆಸ್ಪತ್ರೆಯ ಹಾಸಿಗೆಗೇ ಬರಬೇಕು.

ಕೈಗಡಿಯಾರಗಳದೂ ಇದೇ ಮಾತು. 2024ರಲ್ಲಿ ಸ್ಯಾಮ್‌ಸಂಗ್, ಆಪಲ್ ಎರಡೂ ಕಂಪನಿಗಳ ಗಡಿಯಾರದ ಅಪ್ನಿಯಾ ಸೂಚನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅವು ಕೊಡುವುದು ಸುಳಿವು, ರೋಗನಿರ್ಣಯ ಅಲ್ಲ. ನಿದ್ದೆಯ ಅಂಕ 62 ಬಂತೆಂದು ಬೆಳಿಗ್ಗೆ ಎದ್ದ ತಕ್ಷಣ ತಲೆ ಕೆಡಿಸಿಕೊಳ್ಳುವ ಹೊಸ ಕಾಯಿಲೆಯೊಂದು ಮೈಸೂರಿನ ಹೂಟಗಳ್ಳಿ, ಹೆಬ್ಬಾಳ ಕಡೆಯ ಐಟಿ ಹುಡುಗರಲ್ಲಿ ಶುರುವಾಗಿದೆ, ಅದಕ್ಕೆ ಸ್ಲೀಪ್ ಸ್ಟಡಿ ಮದ್ದಲ್ಲ. ಹಾಗೆ ನೋಡಿದರೆ ನಿದ್ದೆಯೇ ಬಾರದು ಎನ್ನುವವರಿಗೂ ಸಾಮಾನ್ಯವಾಗಿ ಇದು ಬೇಕಿಲ್ಲ. ಬಾರದ ನಿದ್ದೆಯನ್ನು ರಾತ್ರಿಯಿಡೀ ಅಳೆದರೆ ಬಾರಲಿಲ್ಲ ಎಂದೇ ರಿಪೋರ್ಟು ಬರುತ್ತದೆ. ಸಂಜೆಯಾದರೆ ಕಾಲು ಜುಮ್ಮೆಂದು ಆಡಿಸುತ್ತಲೇ ಇರಬೇಕೆನಿಸುವ ತೊಂದರೆಯನ್ನು ಮಾತಿನಲ್ಲೇ ಪತ್ತೆಮಾಡಿ ರಕ್ತದಲ್ಲಿ ಕಬ್ಬಿಣದ ದಾಸ್ತಾನು ನೋಡುತ್ತಾರೆ. ಆದರೆ ಕನಸು ಕಾಣುತ್ತಲೇ ಒದೆಯುವ, ಗುದ್ದುವ, ಮಂಚದಿಂದ ಹಾರುವ ಹಿರಿಯರಿಗೆ ಈ ಪರೀಕ್ಷೆ ಅಗತ್ಯ. ರೆಮ್‌ನಲ್ಲಿ ಬಿದ್ದಿರಬೇಕಾದ ಸ್ನಾಯು ಬಿಗಿದೇ ಇರುವುದನ್ನು ಗದ್ದದ ವೈರು ತೋರಿಸುತ್ತದೆ, ಮತ್ತು ಅಂಥವರಲ್ಲಿ ಹಲವರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ತರಹದ ಕಾಯಿಲೆ ಬರುತ್ತದೆ. ಗಾಳಿ ಹಿಡಿದಿದೆ, ತಾಯತ ಕಟ್ಟಿಸಿ ಎಂದು ಊರಲ್ಲಿ ಹೇಳುವ ಪ್ರಸಂಗಗಳಲ್ಲಿ ಇಂಥವೂ ಇದ್ದಾವು.

ಯಾರು ಹಾಸಿಗೆಯವರೆಗೆ ತಲುಪುತ್ತಾರೆ ಎಂಬ ಮೊದಲ ಪ್ರಶ್ನೆಗೆ ಬರುತ್ತೇನೆ. ದೆಹಲಿಯ ಏಮ್ಸ್ ವೈದ್ಯರು ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2023ರಲ್ಲಿ ಕೊಟ್ಟ ಲೆಕ್ಕದಂತೆ ವಯಸ್ಕರಲ್ಲಿ ಶೇ 11ರಷ್ಟು ಮಂದಿಗೆ ಈ ಅಪ್ನಿಯಾ ಇದೆ. ಗಂಡಸರಲ್ಲಿ ಶೇ 13, ಹೆಂಗಸರಲ್ಲಿ ಶೇ 5. ದುಡಿಯುವ ವಯಸ್ಸಿನವರನ್ನು ಎಣಿಸಿದರೆ 10 ಕೋಟಿಗೂ ಮೇಲೆ. ಹೆಂಗಸರಲ್ಲಿ ಕಡಿಮೆ ಎಂಬುದು ನಿಜ, ಮುಟ್ಟು ನಿಂತ ಮೇಲೆ ಅವರಲ್ಲೂ ಏರುತ್ತದೆ ಎಂಬುದೂ ನಿಜ. ಆದರೆ ಅವರು ಪರೀಕ್ಷೆಗೆ ಬರುವುದು ಇನ್ನೂ ಕಡಿಮೆ. ಒಂದು ಕಾರಣ ನಾಚಿಕೆ. ಗಂಡಸಿನ ಗೊರಕೆ ಮನೆಯ ತಮಾಷೆ, ಹೆಂಗಸಿನ ಗೊರಕೆ ಮನೆಯ ಗುಟ್ಟು. ಇನ್ನೊಂದು, ಅವರ ದೂರು ಬೇರೆಯಾಗಿರುತ್ತದೆ. ತೂಕಡಿಕೆ ಎನ್ನುವುದಿಲ್ಲ, ಸುಸ್ತು, ತಲೆನೋವು, ನಿದ್ದೆ ಕಟ್ಟಾಗುತ್ತೆ ಎನ್ನುತ್ತಾರೆ. ರಕ್ತ ಕಡಿಮೆ ಇರಬೇಕು ಎಂದು ಟಾನಿಕ್ಕು ಬರೆದುಕೊಡುತ್ತಾರೆ. ಮೂರನೆಯದೇ ದೊಡ್ಡದು. ಗಂಡನ ರಾತ್ರಿಗೆ ಹೆಂಡತಿ ಸಾಕ್ಷಿ, ಹೆಂಡತಿಯ ರಾತ್ರಿಗೆ ಗಂಡ ಸಾಕ್ಷಿಯಲ್ಲ, ಅವನು ನಿದ್ದೆ ಹೊಡೆಯುತ್ತಿರುತ್ತಾನೆ. ಮಾವನ ವಿಡಿಯೊ ಅತ್ತೆ ಮಾಡಿದರು. ಅತ್ತೆಯ ವಿಡಿಯೊ ಮಾಡುವವರು ಆ ಮನೆಯಲ್ಲಿ ಯಾರೂ ಇಲ್ಲ.

ದಪ್ಪಗಿರುವವರಿಗೆ ಮಾತ್ರ ಬರುತ್ತದೆ ಎಂಬುದೂ ತಪ್ಪು. ತೂಕ ದೊಡ್ಡ ಕಾರಣ, ಆದರೆ ಗದ್ದ ಹಿಂದೆ ಸರಿದಿರುವ, ಗಂಟಲಿನ ದಾರಿಯೇ ಕಿರಿದಾಗಿರುವ ತೆಳ್ಳನೆಯವರಿಗೂ ಬರುತ್ತದೆ. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ಉಬ್ಬಿದರೆ ಸಾಕು, ಮಕ್ಕಳಿಗೆ ಗಂಟೆಗೆ ಒಂದೇ ಸಲ ಉಸಿರು ಕಟ್ಟಿದರೂ ಅಸಹಜವೆಂದೇ ಲೆಕ್ಕ. ದೊಡ್ಡವರಲ್ಲಿ ಯಾರನ್ನು ಕಳಿಸಬೇಕೆಂದು ಜರಡಿ ಹಿಡಿಯಲು 2008ರಲ್ಲಿ ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು ಮಾಡಿದ ಸ್ಟಾಪ್‌ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದೆ. ಗೊರಕೆ, ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ, ಬಿಪಿ, ತೂಕ, ವಯಸ್ಸು ಐವತ್ತು ದಾಟಿದೆಯೇ, ಕುತ್ತಿಗೆಯ ಸುತ್ತಳತೆ, ಗಂಡಸೇ. ಎರಡು ನಿಮಿಷದ ಕೆಲಸ. ಕುತ್ತಿಗೆ ಅಳೆಯಲು ಟೇಪಿಲ್ಲದಿದ್ದರೆ ಷರ್ಟಿನ ಕಾಲರ್ ಸೈಜು ಕೇಳಿದರೂ ಆಯಿತು, ಹದಿನಾರು ಇಂಚು ದಾಟಿದ್ದರೆ ಕಿವಿ ನಿಮಿರಬೇಕು. ಬಿಪಿ ಶುಗರ್ ನೋಡುವ ಪ್ರತಿ ಕ್ಲಿನಿಕ್ಕಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಇದನ್ನು ಕೇಳಬಹುದು. ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ಈ ಪ್ರಶ್ನೆಗೆ ಕಾಸಿಲ್ಲ. ಕಾಸಿಲ್ಲದ್ದರಿಂದಲೇ ಅದರ ಬಗ್ಗೆ ಯಾರಿಗೂ ಉತ್ಸಾಹವಿಲ್ಲವೋ ಏನೋ.

ಈ ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳಬೇಕಾದ ಜಾಗ ಒಂದಿದೆ, ಡ್ರೈವಿಂಗ್ ಲೈಸೆನ್ಸು. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರು, ಮಂಡ್ಯ ಜಿಲ್ಲೆಯ ಉದ್ದಕ್ಕೂ. ಸಾವುಗಳು ಹೆಚ್ಚಿದಾಗ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ಹೊರಗಿಟ್ಟರು, ವೇಗ ಹಿಡಿಯುವ ಕ್ಯಾಮೆರಾ ಹಾಕಿದರು. ಒಳ್ಳೆಯದೇ. ಆದರೆ ನೆಟ್ಟಗಿನ, ಸಿಗ್ನಲ್ಲಿಲ್ಲದ, ಏರಿಳಿತವಿಲ್ಲದ ರಸ್ತೆ ತೂಕಡಿಸುವವನಿಗೆ ಜೋಗುಳವಿದ್ದಂತೆ. ಹಳೇ ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಅಂತ ಹಂಪು, ಸಂತೆ, ದನ, ಮದ್ದೂರು ವಡೆ ಎಲ್ಲ ಸೇರಿ ಎಚ್ಚರವಾಗಿಡುತ್ತಿದ್ದವು. ಲೈಸೆನ್ಸಿಗೆ ಕೊಡುವ ಫಾರ್ಮ್ 1ರಲ್ಲಿ ಮೂರ್ಛೆ ಬರುತ್ತದೆಯೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ, ಕೈಕಾಲು ಸರಿಯಿವೆಯೇ ಎಂದು ಕೇಳುತ್ತಾರೆ. ಹಗಲಲ್ಲಿ ತೂಕಡಿಕೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಕೇಳಿದರೆ ಹೊಟ್ಟೆಪಾಡಿನ ಡ್ರೈವರು ನಿಜ ಹೇಳುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ನಿಜ ಹೇಳಿದವನ ಲೈಸೆನ್ಸು ಕಿತ್ತುಕೊಳ್ಳದೆ, ಚಿಕಿತ್ಸೆ ಪಡೆದು ಬಾ ಎನ್ನುವ ವ್ಯವಸ್ಥೆ ಇದ್ದರೆ ಹೇಳಿಯಾನು.

ದುಡ್ಡಿನ ವಿಷಯಕ್ಕೆ ಬಂದರೆ ಇನ್ನೊಂದು ವಿಚಿತ್ರ. ಆರೋಗ್ಯ ವಿಮೆಗಳಲ್ಲಿ ಏನನ್ನು ಹೊರಗಿಡಬಹುದು ಎಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆ ಕೊಟ್ಟಿದೆ. ಅದರಲ್ಲಿ ನಾಲ್ಕನೆಯದು, ಮುಖ್ಯವಾಗಿ ಪರೀಕ್ಷೆಗೆಂದೇ ಆಸ್ಪತ್ರೆಗೆ ದಾಖಲಾದರೆ ಆ ಖರ್ಚು ಕೊಡುವುದಿಲ್ಲ ಎನ್ನುತ್ತದೆ. ಸ್ಲೀಪ್ ಸ್ಟಡಿಯ ರಾತ್ರಿ ಇದಕ್ಕೆ ಸಲೀಸಾಗಿ ಸಿಕ್ಕಿಬೀಳುತ್ತದೆ. ಅದೇ ಪಟ್ಟಿಯ ಆರನೆಯದು ಬೊಜ್ಜಿನ ಆಪರೇಷನ್ನಿನದು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 35 ದಾಟಿದವರಿಗೆ ತೀವ್ರ ಸ್ಲೀಪ್ ಅಪ್ನಿಯಾದಂಥ ಕಾಯಿಲೆಯೂ ಇದ್ದರೆ ಆ ಆಪರೇಷನ್ನಿಗೆ ದುಡ್ಡು ಸಿಗುವ ದಾರಿ ಅದರಲ್ಲಿದೆ. ಅಂದರೆ ಹೊಟ್ಟೆ ಕೊಯ್ಯಲು ವಿಮೆಯಿದೆ, ಕೊಯ್ಯಬೇಕೇ ಬೇಡವೇ ಎಂದು ಹೇಳುವ ರಾತ್ರಿಗೆ ಇಲ್ಲ. ಕೆಲವು ಕಂಪನಿಗಳು ಹೊರರೋಗಿ ಪರೀಕ್ಷೆಗೂ ಕೊಡುವ ಪಾಲಿಸಿ ಮಾರುತ್ತವೆ, ಇರುವವರು ನೋಡಿಕೊಳ್ಳಿ. ನಾವು ಜೇಬಿನಿಂದಲೇ ಕೊಟ್ಟೆವು.

ಪರೀಕ್ಷೆಯ ನಂತರದ್ದು ಸಿಪ್ಯಾಪ್. ಮೂಗಿನ ಮುಸುಕಿನಲ್ಲಿ ಒತ್ತಡದ ಗಾಳಿ ಊದಿ ಗಂಟಲು ಮುಚ್ಚದಂತೆ ಹಿಡಿದಿಡುವ ಯಂತ್ರ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಐದು ರೋಗಿಗಳ ಮೇಲೆ ಇದನ್ನು ತೋರಿಸಿಕೊಟ್ಟರು. ಆರಂಭದ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿದ್ದರು. ತೂಕಡಿಕೆ ಹೋಗುತ್ತದೆ, ಬಿಪಿ ಸ್ವಲ್ಪ ಇಳಿಯುತ್ತದೆ, ಇಷ್ಟು ಖಚಿತ. ಹೃದಯಾಘಾತ ತಪ್ಪಿಸುತ್ತದೆ ಎಂದು ಮಾರುವವರು ಹೇಳಿದರೆ ಕೊಂಚ ತಡೆಯಿರಿ. ಹೃದ್ರೋಗ ಇಲ್ಲವೇ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ರಷ್ಟು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ ಮೂರೂಕಾಲು ಗಂಟೆ, ಹಾಕಿಕೊಳ್ಳದ ಯಂತ್ರ ಏನು ಮಾಡೀತು? ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ 2024ರ ಡಿಸೆಂಬರಿನಲ್ಲಿ ಬೊಜ್ಜಿನ ಜೊತೆಗಿನ ಅಪ್ನಿಯಾಕ್ಕಾಗಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಜೈಪುರದಲ್ಲಿ 30 ಜನರ ಮೇಲೆ ಶಂಖ ಊದಿಸಿ ನೋಡಿದ ಸಣ್ಣ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಆರು ತಿಂಗಳು ಊದಿದವರಿಗೆ ತೂಕಡಿಕೆ ಕಡಿಮೆಯಾಯಿತು, ಉಸಿರು ಕಟ್ಟುವುದು ಗಂಟೆಗೆ ನಾಲ್ಕೈದು ಇಳಿಯಿತು. ನಮ್ಮೂರಿನ ದಾಸಯ್ಯನವರು ಇದನ್ನು ಕೇಳಿದರೆ ಶಂಖ ಜಾಗಟೆಯ ಬೆಲೆ ಏರಿಸಿಯಾರು. ಆದರೆ 46 ಇರುವವರಿಗೆ ನಾಲ್ಕೈದು ಇಳಿದರೆ 41, ತೀವ್ರ ತೀವ್ರವೇ.

ಮಾವನಿಗೂ ಸಿಪ್ಯಾಪ್ ಬಂತು. ಮೊದಲ ವಾರ ಬಯ್ದರು, ಎರಡನೇ ವಾರ ಅತ್ತೆ ಬಯ್ದರು, ಮೂರನೇ ವಾರಕ್ಕೆ ಹೊಂದಿಕೊಂಡರು. ಊಟದ ಎಲೆಯ ಮುಂದಿನ ತೂಕಡಿಕೆ ನಿಂತಿದೆ. ಮೂರು ತಿಂಗಳಿಗೆ ಡಾಕ್ಟರು ಯಂತ್ರದ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದರು. ಯಾವ ರಾತ್ರಿ ಎಷ್ಟು ಹೊತ್ತು ಹಾಕಿಕೊಂಡಿದ್ದರು ಎಂದು ನೀಲಿ ಪಟ್ಟಿಗಳಲ್ಲಿ ಬರುತ್ತದೆ. ಕೆಲವು ವಾರ ರಾತ್ರಿಯಿಡೀ ನೀಲಿ. ಕೆಲವು ವಾರ ಎರಡು ಗಂಟೆಗೆ ಪಟ್ಟಿ ತುಂಡಾಗಿ, ನಾಲ್ಕರ ಮೇಲೆ ಮತ್ತೆ ಶುರು. ಮುಸುಕು ಸೋರುತ್ತಿದೆಯೇ, ಮೂಗು ಕಟ್ಟುತ್ತಿದೆಯೇ, ಒತ್ತಡ ಹೆಚ್ಚಾಯಿತೇ ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಮಾವ ಎಲ್ಲದಕ್ಕೂ ಇಲ್ಲ ಎಂದು ತಲೆಯಾಡಿಸಿದರು. ಅತ್ತೆಯೇ ಬಾಯಿಬಿಟ್ಟರು.

"ಆ ವಾರ ತ್ರೀಫೇಸ್ ಕರೆಂಟು ರಾತ್ರಿಗೆ ಕೊಟ್ಟಿದ್ರು ಸಾರ್. ಮೋಟ್ರು ಹಾಕಿ ಕಬ್ಬಿಗೆ ನೀರು ತಿರುಗ್ಸಕ್ಕೆ ಹೋಯ್ತಾರೆ."